ಬಿಳಿ ಮೀನಿನ ಜೀನೋಮ್‌ಗೆ ಮಿನ್‌ಅಯಾನ್: ಯಾರು ಕೊಳ್ಳಬಹುದು, ಯಾರು ಬಿಡುವುದು ಲೇಸು

ಆಕ್ಸ್‌ಫರ್ಡ್ ನ್ಯಾನೋಪೋರ್ ಕಂಪನಿಯ ಮಿನ್‌ಅಯಾನ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಿಎನ್‌ಎ ಸೀಕ್ವೆನ್ಸರ್, ಅಂದರೆ ಡಿಎನ್‌ಎಯ ಅಕ್ಷರಸಾಲು ಓದುವ ಯಂತ್ರ. ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಕೆಲಸ ಶುರು. 2014ರಲ್ಲಿ ಸಾವಿರ ಡಾಲರ್ ಪ್ರವೇಶ ಶುಲ್ಕ ಪಡೆದು ಆಯ್ದ ಪ್ರಯೋಗಾಲಯಗಳಿಗೆ ಇದನ್ನು ಕೊಟ್ಟರು. 2015ರಲ್ಲಿ ಇದು ಗಿನಿ ದೇಶದಲ್ಲಿ ಎಬೋಲಾ ವೈರಸ್ ಓದಿತು, 2016ರಲ್ಲಿ ಅಂತರಿಕ್ಷ ನಿಲ್ದಾಣಕ್ಕೂ ಹೋಯಿತು. ಮೀನಿನವರಿಗೂ ಇದು ಹೊಸದಲ್ಲ. ಯುರೋಪಿನ ಹಾವುಮೀನಿನ ಜೀನೋಮ್ 2017ರಲ್ಲಿ ಇದರ ಓದಿನಿಂದಲೇ ಜೋಡಣೆಯಾಯಿತು. ಅದೇ ವರ್ಷ ಆಸ್ಟ್ರೇಲಿಯಾದ ಮರ್ರೆ ಕಾಡ್, ಮರುವರ್ಷ ಕೋಡಂಗಿ ಮೀನು, ಎರಡಕ್ಕೂ ಇಲ್ಯೂಮಿನಾ ಕಂಪನಿಯ ಯಂತ್ರದ ಚಿಕ್ಕ ರೀಡ್‌ಗಳ (ಒಂದೇ ಉಸಿರಿಗೆ ಓದಿದ ಡಿಎನ್‌ಎ ತುಣುಕುಗಳ) ಜೊತೆ ನ್ಯಾನೋಪೋರಿನ ಉದ್ದ ರೀಡ್‌ಗಳನ್ನು ಬೆರೆಸಿದರು.

ಹೊರಗಿನವರಿಗೆ ಆದದ್ದು ನಮ್ಮ ಹೊಳೆಯ ಮೀನಿಗೆ ಆಗುತ್ತದೆಯೇ? ಇದನ್ನು ನೋಡಲು ಸುಲಭದ ಮೀನು ಹಿಡಿದರೆ ಪ್ರಯೋಜನವಿಲ್ಲ. ಅದಕ್ಕೇ ಈ ವಿಮರ್ಶೆಗೆ ಕಾವೇರಿಯ ಬಿಳಿ ಮೀನನ್ನು, ಅಂದರೆ ಗೂನುಬೆನ್ನಿನ ಮಹಶೀರನ್ನು, ಅಳತೆಗೋಲಾಗಿ ಇಟ್ಟುಕೊಂಡಿದೆ. ಬೆಂಗಳೂರಿನ ಗಾಳದವರಿಂದ ಹಿಡಿದು ವಿದೇಶಿ ಬೇಟೆಗಾರರವರೆಗೆ ಎಲ್ಲರೂ ಫೋಟೋ ತೆಗೆಸಿಕೊಂಡ ಈ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ತೀವ್ರ ಅಪಾಯದ ಸಾಲಿಗೂ ಸೇರಿತು. ಇತ್ತ ಲೋನಾವಳಾದಿಂದ ತಂದ ನೀಲಿ ರೆಕ್ಕೆಯ ಟಾರ್ ಖುದ್ರೀ ಮರಿಗಳನ್ನು ದಶಕಗಳ ಕಾಲ ಕಾವೇರಿಗೆ ಬಿಟ್ಟಿದ್ದಾರೆ. ಈಗ ಗಾಳಕ್ಕೆ ಸಿಗುವ ಮಹಶೀರ್‌ಗಳಲ್ಲಿ ಅದರದೇ ಮೇಲುಗೈ. ಎರಡೂ ಬೆರೆತಿವೆಯೇ, ಮರಿ ಮಾಡಿಸಲು ಹಿಡಿದಿಟ್ಟ ತಾಯಿ ಮೀನು ಶುದ್ಧ ತಳಿಯದೇ ಎಂಬುದನ್ನು ಹುರುಪೆ, ರೆಕ್ಕೆಯ ಬಣ್ಣ ನೋಡಿ ಹೇಳಲಾಗದು. ಮೈಟೋಕಾಂಡ್ರಿಯಾದ ಡಿಎನ್‌ಎ ಓದಿದರೂ ಅರ್ಧ ಉತ್ತರವೇ. ಅದು ತಾಯಿಯ ಕಡೆಯಿಂದ ಮಾತ್ರ ಬರುವುದರಿಂದ, ಬಿಳಿ ಮೀನಿನ ತಾಯಿಗೂ ನೀಲಿ ರೆಕ್ಕೆಯ ತಂದೆಗೂ ಹುಟ್ಟಿದ ಮರಿ ಆ ಪರೀಕ್ಷೆಯಲ್ಲಿ ಅಪ್ಪಟ ಬಿಳಿ ಮೀನಾಗಿಯೇ ಪಾಸಾಗುತ್ತದೆ. ಹಾಗಾಗಿ ಕೋಶಕೇಂದ್ರದ ಜೀನೋಮ್ ಬೇಕು.

ಮಹಶೀರ್ ಕಷ್ಟದ ಮೀನು ಏಕೆಂದರೆ ಅದರ ಕ್ರೋಮೋಸೋಮ್ ಸಂಖ್ಯೆ 100. ರೋಹು, ಕಾಟ್ಲಾ, ಜೀಬ್ರಾಮೀನು ಮುಂತಾದ ಹತ್ತಿರದ ಬಂಧುಗಳದು 50. ಬಹಳ ಹಿಂದೆ ಎರಡು ಪೂರ್ವಜ ಜೀನೋಮ್‌ಗಳು ಒಂದೇ ಮೀನಿನಲ್ಲಿ ಕೂಡಿ ಉಳಿದುಕೊಂಡದ್ದರ ಫಲ ಇದು. ಹೆಚ್ಚಿನ ಜೀನ್‌ಗಳಿಗೆ ಅವಳಿ ಇದೆ, ಅವಳಿಗಳು ಒಂದನ್ನೊಂದು ಹೋಲುತ್ತವೆ. 150 ಬೇಸ್ (ಡಿಎನ್‌ಎ ಅಕ್ಷರ) ಉದ್ದದ ಚಿಕ್ಕ ರೀಡ್‌ಗಳಿಂದ ಜೋಡಿಸಲು ಹೊರಟರೆ ಅವಳಿಗಳು ಒಂದರ ಮೇಲೊಂದು ಕುಸಿದು ಒಂದೇ ಆಗುತ್ತವೆ. ಆಮೇಲೆ ಅವುಗಳ ನಡುವಿನ ಸಹಜ ವ್ಯತ್ಯಾಸವೆಲ್ಲ ಈ ಮೀನಿನಲ್ಲಿ ಅಪಾರ ವೈವಿಧ್ಯ ಇದೆ ಎಂಬ ಸುಳ್ಳು ಲೆಕ್ಕವಾಗಿ ಹೊರಬರುತ್ತದೆ. ಸಂರಕ್ಷಣೆಯ ವರದಿಯಲ್ಲಿ ಇದಕ್ಕಿಂತ ಅಪಾಯದ ತಪ್ಪು ಮತ್ತೊಂದಿಲ್ಲ. ಇಪ್ಪತ್ತು, ಮೂವತ್ತು ಸಾವಿರ ಬೇಸ್ ಉದ್ದದ ರೀಡ್ ಇದ್ದರೆ ಅದೇ ಓದಿನೊಳಗೆ ಹತ್ತಾರು ವ್ಯತ್ಯಾಸಗಳು ಸಿಕ್ಕಿ ಅವಳಿಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಮಿನ್‌ಅಯಾನ್‌ನ ನಿಜವಾದ ಬೆಲೆ ಇಲ್ಲಿದೆ, ಅದರ ಗಾತ್ರದಲ್ಲಲ್ಲ.

ಈಗ ಖರ್ಚಿನ ಮಾತು. ಎಮ್ಮೆಗಿಂತ ಮೇವು ಭಾರ ಎನ್ನುವಂಥ ವ್ಯವಹಾರ ಇದು. ಡಬ್ಬಿ ಒಮ್ಮೆ ಕೊಂಡರೆ ಮುಗಿಯಿತು, ಅದರೊಳಗೆ ಕೂರಿಸುವ ಫ್ಲೋ ಸೆಲ್, ಅಂದರೆ ಡಿಎನ್‌ಎ ಎಳೆ ಹಾದುಹೋಗುವ ಸೂಕ್ಷ್ಮ ರಂಧ್ರಗಳ ತಟ್ಟೆ, ಮಾತ್ರ ಮತ್ತೆ ಮತ್ತೆ ಬೇಕು. ಈಗಿನ ಫ್ಲೋ ಸೆಲ್ ಆರ್10.4.1, ಅದರಲ್ಲಿ 2048 ಕುಳಿ, ಒಮ್ಮೆಗೆ ಓದುವ 512 ಚಾನೆಲ್. ಕಂಪನಿ ಹೇಳುವ ಗರಿಷ್ಠ ಇಳುವರಿ ಒಂದಕ್ಕೆ 48 ಗಿಗಾಬೇಸ್, ಅಂದರೆ 4,800 ಕೋಟಿ ಅಕ್ಷರ. ಅದನ್ನು ನಂಬಿ ಬಜೆಟ್ ಹಾಕಬೇಡಿ. ಮೀನಿನ ಉದ್ದ ಡಿಎನ್‌ಎಗೆ 10ರಿಂದ 20 ಗಿಗಾಬೇಸ್ ಬಂದರೆ ಒಳ್ಳೆಯ ದಿನ. ನೂರು ಕೋಟಿ ಬೇಸಿನ ಮೀನನ್ನು 40 ಪಟ್ಟು ಓದಬೇಕಾದರೆ 40 ಗಿಗಾಬೇಸ್ ಬೇಕು, ಅಂದರೆ ಮೂರು ಫ್ಲೋ ಸೆಲ್, ಅಪಘಾತಕ್ಕೆಂದು ಇನ್ನೊಂದು. ಮಹಶೀರ್‌ನಲ್ಲಿ ಅವಳಿಗಳನ್ನು ಬಿಡಿಸಲು 40 ಪಟ್ಟು ಕನಿಷ್ಠ, 60 ನೆಮ್ಮದಿ.

ಫ್ಲೋ ಸೆಲ್ ಬಂದ ದಿನವೇ ಪರೀಕ್ಷೆ ಓಡಿಸಿ. ಜೀವಂತ ರಂಧ್ರಗಳು 800ಕ್ಕಿಂತ ಕಡಿಮೆ ಬಂದರೆ ಖಾತರಿಯ ಅಡಿ ಬದಲಿ ಕೇಳಬಹುದು. ಹಾಗೇ ಇಟ್ಟು, ಖಾತರಿ ಮುಗಿದ ಮೇಲೆ ಪ್ರಯೋಗದ ದಿನ ನೋಡಿ, 600 ಇದೆಯಲ್ಲ ಎಂದು ತಲೆ ಚಚ್ಚಿಕೊಂಡರೆ ಬರುವುದೇನಿಲ್ಲ. ಸಂಗ್ರಹ 4ರಿಂದ 8 ಡಿಗ್ರಿಯಲ್ಲಿ. ಫ್ರೀಜರ್‌ನಲ್ಲಿಟ್ಟರೆ ಅಷ್ಟೇ, ರಂಧ್ರ ಕೂತಿರುವ ಪೊರೆಯೇ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪಾರ್ಸೆಲ್ ತರಿಸುವುದಾದರೆ ಶುಕ್ರವಾರ ತಲುಪುವಂತೆ ಆರ್ಡರ್ ಮಾಡಬೇಡಿ. ಶನಿವಾರ, ಭಾನುವಾರ ಗೋದಾಮಿನಲ್ಲಿ ಕೂತ ಥರ್ಮಾಕೋಲ್ ಪೆಟ್ಟಿಗೆಯ ತಣ್ಣನೆ ಜೆಲ್ ಸೋಮವಾರದ ಹೊತ್ತಿಗೆ ಬೆಚ್ಚಗಿನ ನೀರಾಗಿರುತ್ತದೆ.

ಆದರೆ ಈ ಯಂತ್ರದ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಯಂತ್ರದವಲ್ಲ, ಡಿಎನ್‌ಎಯವು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೀನಿನ ರಕ್ತ ನಮ್ಮ ರಕ್ತದಂತಲ್ಲ. ಅದರ ಕೆಂಪು ಕಣಗಳಲ್ಲಿ ಕೋಶಕೇಂದ್ರ ಇರುತ್ತದೆ, ಹಾಗಾಗಿ ಒಂದೊಂದು ಕಣವೂ ಡಿಎನ್‌ಎ ಮೂಟೆ. ಒಂದು ಮೈಕ್ರೋಲೀಟರಿನಲ್ಲಿ ಇಪ್ಪತ್ತು ಲಕ್ಷ ಕಣ, ಕಣಕ್ಕೆ 2 ಪಿಕೋಗ್ರಾಂ ಎಂದು ಹಿಡಿದರೂ ಐದು ಮೈಕ್ರೋಲೀಟರಿನಲ್ಲಿ 20 ಮೈಕ್ರೋಗ್ರಾಂ ಡಿಎನ್‌ಎ. ಒಂದು ಲೈಬ್ರರಿಗೆ (ಯಂತ್ರಕ್ಕೆ ಹಾಕಲು ಹದಗೊಳಿಸಿದ ಡಿಎನ್‌ಎಗೆ) ಬೇಕಾದ್ದು 1ರಿಂದ 3 ಮೈಕ್ರೋಗ್ರಾಂ ಅಷ್ಟೆ. ಅಂದಮೇಲೆ ಮೀನನ್ನು ಕೊಲ್ಲುವ ಪ್ರಶ್ನೆಯೇ ಇಲ್ಲ. ಲವಂಗದ ಎಣ್ಣೆಯನ್ನು ಒಂದಕ್ಕೆ ಒಂಬತ್ತು ಪಾಲು ಎಥನಾಲ್‌ನಲ್ಲಿ ಕದಡಿ, ಆ ದ್ರಾವಣವನ್ನು ಲೀಟರ್ ನೀರಿಗೆ 0.3ರಿಂದ 0.5 ಮಿಲಿಲೀಟರ್ ಹಾಕಿದರೆ ಮೀನು ಮಂಕಾಗುತ್ತದೆ. ಗುದ ರೆಕ್ಕೆಯ ಹಿಂದೆ, ಹೊಟ್ಟೆ ಕಡೆಯ ನಡುಗೆರೆಯಲ್ಲಿ, ಸೂಜಿ ಬೆನ್ನುಮೂಳೆಗೆ ತಾಗುವವರೆಗೆ ಒಳಬಿಟ್ಟು ಕೂದಲೆಳೆಯಷ್ಟು ಹಿಂದೆಳೆದರೆ ಬಾಲದ ರಕ್ತನಾಳ. 0.2 ಮಿಲಿಲೀಟರ್ ಸಾಕು. ತೆಗೆದ ಮೇಲೆ ಆ ಜಾಗವನ್ನು ಅರ್ಧ ನಿಮಿಷ ಒತ್ತಿ ಹಿಡಿದು, ತಾಜಾ ನೀರಿನಲ್ಲಿ ಮೀನು ತಾನಾಗಿ ಈಜುವವರೆಗೆ ಕಾದು ಬಿಡಬೇಕು.

ಇಲ್ಲಿ ಎರಡು ಎಡವಟ್ಟುಗಳು ಸಾಮಾನ್ಯ. ಕಾರ್ಪ್ ಕುಟುಂಬದ ಮೀನುಗಳ ಕೆಂಪು ಕಣಗಳು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎಯಲ್ಲಿ ಹೆಚ್ಚು ಹೊತ್ತಿದ್ದರೆ ಒಡೆಯುತ್ತವೆ. ಆಸ್ಪತ್ರೆಯ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತುಂಬಿ ಜೀಪಿನಲ್ಲಿ ನಾಲ್ಕು ಗಂಟೆ ಕುಲುಕಿಸಿಕೊಂಡು ಬಂದರೆ, ಒಳಗೆ ಸಿಗುವುದು ರಕ್ತವಲ್ಲ, ಕೆಂಪು ಅಂಟು. ಸಿರಿಂಜಿನ ಒಳಗೋಡೆ ತೇವವಾಗುವಷ್ಟೇ ಇಡಿಟಿಎ ಎಳೆದು ಹೊರಹಾಕಿ. ರಕ್ತ ತೆಗೆದ ತಕ್ಷಣ 20 ಮೈಕ್ರೋಲೀಟರನ್ನು ಒಂದು ಮಿಲಿಲೀಟರ್ ತಣ್ಣನೆ ಶುದ್ಧ ಎಥನಾಲ್‌ಗೆ ಬಿಟ್ಟು, ಹನಿ ಗಟ್ಟಿಯಾಗುವ ಮೊದಲೇ ಅಲ್ಲಾಡಿಸಿ ಚದುರಿಸಬೇಕು. ಅಂಥ ನಾಲ್ಕೈದು ಟ್ಯೂಬ್ ಮಾಡಿಟ್ಟುಕೊಳ್ಳಿ. ಡ್ರೈ ಐಸ್ ಅಥವಾ ದ್ರವ ನೈಟ್ರೋಜನ್ ಒಯ್ಯಲು ಸಾಧ್ಯವಿದ್ದರೆ ಒಂದಿಷ್ಟನ್ನು ಎಥನಾಲ್ ಇಲ್ಲದೆಯೂ ಹೆಪ್ಪುಗಟ್ಟಿಸಿ. ಜೋಡಿಸಿದ ತುಂಡುಗಳನ್ನು ಕ್ರೋಮೋಸೋಮ್‌ಗಳಾಗಿ ಸಾಲುಗೂಡಿಸುವ ಹೈ-ಸಿ ಎಂಬ ವಿಧಾನಕ್ಕೆ ಮುಂದೆ ಅದೇ ಬೇಕಾಗುತ್ತದೆ.

ಎರಡನೆಯ ಎಡವಟ್ಟು ಆಸೆ. ಹೆಚ್ಚು ರಕ್ತ ಹಾಕಿದರೆ ಹೆಚ್ಚು ಡಿಎನ್‌ಎ ಎಂದು ಕಿಟ್‌ಗೆ 100 ಮೈಕ್ರೋಲೀಟರ್ ಸುರಿಯುತ್ತಾರೆ. ಮನುಷ್ಯರ ರಕ್ತಕ್ಕೆ ಬರೆದ ಪ್ರಮಾಣ ಅದು. ಮೀನಿನ ರಕ್ತ ಅಷ್ಟು ಹಾಕಿದರೆ ಟ್ಯೂಬಿನಲ್ಲಿ ಗಂಜಿಯಂಥ ಮುದ್ದೆಯಾಗುತ್ತದೆ. ಅದು ಕರಗದು, ಪಿಪೆಟ್‌ಗೆ ಬಾರದು, ಒಳಗಿನ ಪ್ರೋಟೀನ್ ಬಿಡದು. ಎರಡರಿಂದ ಐದು ಮೈಕ್ರೋಲೀಟರನ್ನು 200 ಮೈಕ್ರೋಲೀಟರ್ ಪಿಬಿಎಸ್ ಉಪ್ಪಿನ ದ್ರಾವಣದಲ್ಲಿ ಕದಡಿ ಶುರು ಮಾಡಿ. ಉದ್ದದ ಡಿಎನ್‌ಎಗೆಂದೇ ಇರುವ ನ್ಯಾನೋಬೈಂಡ್, ಮೊನಾರ್ಕ್ ಕಿಟ್‌ಗಳು ಚೆನ್ನಾಗಿವೆ. ಹಳೆಯ ಫೀನಾಲ್-ಕ್ಲೋರೋಫಾರ್ಮ್ ವಿಧಾನವೂ ನಡೆಯುತ್ತದೆ, ಫೀನಾಲ್ ಉಳಿಯದಂತೆ ನೋಡಿಕೊಂಡರೆ. ಬಾಯಿ ಅಗಲದ ಟಿಪ್ ಬಳಸಿ, ಟ್ಯೂಬನ್ನು ಗರಗರ ಕುಲುಕುವ ವೋರ್ಟೆಕ್ಸ್ ಯಂತ್ರದ ಕಡೆ ನೋಡಲೂ ಬೇಡಿ. ರೆಕ್ಕೆಯ ತುಂಡಿನಿಂದ ತೆಗೆದ ಡಿಎನ್‌ಎ ಬಾರ್‌ಕೋಡಿಂಗ್‌ಗೆ (ಚಿಕ್ಕ ತುಣುಕು ಓದಿ ಪ್ರಭೇದ ಗುರುತಿಸಲು) ಸಾಕು, ಜೀನೋಮ್‌ಗೆ ಸಾಲದು. ಮೀನಿನ ಲೋಳೆಯ ಸಕ್ಕರೆ ಸರಪಳಿಗಳು ಅದರ ಜೊತೆ ಬಂದು ರಂಧ್ರಗಳನ್ನು ಕೆಡಿಸುತ್ತವೆ.

ಅಳತೆಗೆ ನ್ಯಾನೋಡ್ರಾಪ್ ಒಂದನ್ನೇ ನಂಬಬೇಡಿ. ಪ್ರಮಾಣಕ್ಕೆ ಕ್ಯುಬಿಟ್, ಶುದ್ಧತೆಗೆ ನ್ಯಾನೋಡ್ರಾಪ್. ಬೆಳಕು ಹೀರುವಿಕೆಯ 260/280 ಅನುಪಾತ 1.8ರ ಹತ್ತಿರ, 260/230 ಎರಡರ ಮೇಲೆ ಇರಬೇಕು. ಎರಡು ಉಪಕರಣಗಳ ಲೆಕ್ಕದಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚಿನ ಅಂತರ ಕಂಡರೆ ಆರ್‌ಎನ್‌ಎ ಉಳಿದಿದೆ ಅಥವಾ ಡಿಎನ್‌ಎ ಇನ್ನೂ ಪೂರ್ತಿ ಕರಗಿಲ್ಲ. ಕರಗದ ಡಿಎನ್‌ಎಗೆ ಔಷಧಿ ತಾಳ್ಮೆ: ಕೋಣೆಯ ಉಷ್ಣಾಂಶದಲ್ಲಿ ಒಂದೆರಡು ದಿನ ಸುಮ್ಮನೆ ಬಿಡಿ.

ವಿಚಿತ್ರವೆಂದರೆ ಡಿಎನ್‌ಎ ತೀರಾ ಉದ್ದವಿದ್ದರೂ ಕಷ್ಟವೇ. ಲಕ್ಷ ಬೇಸ್ ದಾಟಿದ ಎಳೆಗಳು ರಂಧ್ರದಲ್ಲಿ ಗಂಟಾಗಿ ಸಿಕ್ಕಿಕೊಳ್ಳುತ್ತವೆ, ಮೊದಲ ಆರು ಗಂಟೆಯಲ್ಲೇ ಪರದೆಯ ಮೇಲಿನ ಹಸಿರು ಚೌಕಗಳು (ಓದುತ್ತಿರುವ ರಂಧ್ರಗಳ ಗುರುತು) ಅರ್ಧಕ್ಕಿಳಿಯುತ್ತವೆ. ಹದವಾಗಿ ಕತ್ತರಿಸಲು ಮೆಗಾರಪ್ಟರ್ ಯಂತ್ರ ಇದ್ದರೆ ಸರಿ. ಇಲ್ಲದಿದ್ದರೆ 26 ಗೇಜ್ ಸೂಜಿಯಲ್ಲಿ ಇಪ್ಪತ್ತು, ಮೂವತ್ತು ಬಾರಿ ನಿಧಾನವಾಗಿ ಎಳೆದು ಬಿಡುವುದೂ ಸಾಕು, ಖರ್ಚು ಹತ್ತು ರೂಪಾಯಿ. ಆಮೇಲೆ ಶಾರ್ಟ್ ರೀಡ್ ಎಲಿಮಿನೇಟರ್ ದ್ರಾವಣದಿಂದ 10 ಸಾವಿರಕ್ಕಿಂತ ಚಿಕ್ಕ ತುಂಡುಗಳನ್ನು ತೆಗೆದರೆ ರೀಡ್ ಉದ್ದ ಎದ್ದು ಕಾಣುವಷ್ಟು ಸುಧಾರಿಸುತ್ತದೆ. ಈ ಹೆಜ್ಜೆಯಲ್ಲಿ ಡಿಎನ್‌ಎಯ ಒಂದು ಪಾಲು ಹೋಗುತ್ತದೆ, ರಕ್ತ ಇದ್ದವರಿಗೆ ಅದು ದೊಡ್ಡ ನಷ್ಟವಲ್ಲ.

ಲೈಬ್ರರಿ ಮಾಡಲು ಎಸ್‌ಕ್ಯುಕೆ-ಎಲ್‌ಎಸ್‌ಕೆ114 ಲಿಗೇಶನ್ ಕಿಟ್. ಡಿಎನ್‌ಎ ತೊಳೆಯುವ ಆಂಪ್ಯೂರ್ ಮಣಿಗಳು ಇದರಲ್ಲೇ ಬರುತ್ತವೆ, ಎನ್‌ಇಬಿ ಕಂಪನಿಯ ರಿಪೇರಿ ಎಂಜೈಮ್‌ಗಳನ್ನು ಮಾತ್ರ ಬೇರೆಯಾಗಿ ಕೊಳ್ಳಬೇಕು. ಮೊದಲ ಸಲ ಆರ್ಡರ್ ಮಾಡುವವರು ಮರೆಯುವುದು ಇದನ್ನೇ, ಮರೆತರೆ ಕೆಲಸ ವಾರಗಟ್ಟಲೆ ನಿಲ್ಲುತ್ತದೆ. ವಿಧಾನ ಚಿಕ್ಕದು: ತುದಿ ರಿಪೇರಿಗೆ 20 ಡಿಗ್ರಿಯಲ್ಲಿ 5 ನಿಮಿಷ, 65 ಡಿಗ್ರಿಯಲ್ಲಿ 5 ನಿಮಿಷ, ಮಣಿಗಳಿಂದ ತೊಳೆತ, ಅಡಾಪ್ಟರ್ ಅಂಟಿಸಲು ಹತ್ತು ನಿಮಿಷ, ಮತ್ತೊಂದು ತೊಳೆತ. ಈ ಎರಡನೆಯ ತೊಳೆತದಲ್ಲಿ ಕೈ ಅಭ್ಯಾಸಬಲದಿಂದ ಎಥನಾಲ್ ಬಾಟಲಿಗೆ ಹೋಗುತ್ತದೆ, ಎಚ್ಚರ. ಅಡಾಪ್ಟರ್ ಜೊತೆ ಎಳೆಯನ್ನು ರಂಧ್ರದೊಳಗೆ ದಾಟಿಸುವ ಮೋಟಾರ್ ಪ್ರೋಟೀನ್ ಇರುತ್ತದೆ, ಎಥನಾಲ್ ತಾಗಿದರೆ ಅದು ಸತ್ತಂತೆ. ಕಿಟ್‌ನಲ್ಲಿರುವ ಲಾಂಗ್ ಫ್ರಾಗ್ಮೆಂಟ್ ಬಫರ್ ಮಾತ್ರ ಬಳಸಿ. ಕೊನೆಗೆ ಮಣಿಗಳಿಂದ ಡಿಎನ್‌ಎ ಬಿಡಿಸುವಾಗ 37 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟರೆ ಉದ್ದದ ಎಳೆಗಳು ಚೆನ್ನಾಗಿ ಬಿಡುತ್ತವೆ.

ಎಷ್ಟು ಲೋಡ್ ಮಾಡಬೇಕು ಎಂಬುದನ್ನು ನ್ಯಾನೋಗ್ರಾಂನಲ್ಲಿ ಯೋಚಿಸುವುದೇ ತಪ್ಪಿನ ಮೂಲ. ಬೇಕಾದದ್ದು 35ರಿಂದ 50 ಫೆಮ್ಟೋಮೋಲ್, ಅಂದರೆ ಎಳೆಗಳ ಎಣಿಕೆ. ಸರಾಸರಿ ಉದ್ದ 10 ಸಾವಿರ ಬೇಸ್ ಇದ್ದರೆ 50 ಫೆಮ್ಟೋಮೋಲ್ ಎಂದರೆ ಸುಮಾರು 325 ನ್ಯಾನೋಗ್ರಾಂ. 30 ಸಾವಿರ ಇದ್ದರೆ ಅದೇ ಎಣಿಕೆಗೆ ಹತ್ತಿರ ಹತ್ತಿರ 1 ಮೈಕ್ರೋಗ್ರಾಂ ಬೇಕು. ಉದ್ದದ ಡಿಎನ್‌ಎ ತೆಗೆದು, ಹಳೆಯ ಅಂದಾಜಿನಂತೆ 300 ನ್ಯಾನೋಗ್ರಾಂ ಹಾಕಿದವರ ರಂಧ್ರಗಳು ಕೆಲಸವಿಲ್ಲದೆ ಖಾಲಿ ಕೂರುತ್ತವೆ. ತೊಳೆತಗಳಲ್ಲಿ ಅರ್ಧದಷ್ಟು ಕಳೆಯುವುದರಿಂದ 3 ಮೈಕ್ರೋಗ್ರಾಂನಿಂದ ಶುರು ಮಾಡುವುದು ಜಾಣತನ.

ಫ್ಲೋ ಸೆಲ್‌ನ ಪ್ರಾಣ ಹೋಗುವ ಸ್ಥಳ ದ್ರಾವಣ ತುಂಬುವ ಪ್ರೈಮಿಂಗ್ ಕಿಂಡಿ. ಅಲ್ಲಿಂದ ಒಂದು ಗಾಳಿಗುಳ್ಳೆ ಒಳಗೆ ಹೋಗಿ ಪೊರೆಗಳ ಮೇಲೆ ಹಾದರೆ ಅದು ಹಾದ ದಾರಿಯುದ್ದಕ್ಕೂ ರಂಧ್ರಗಳು ಶಾಶ್ವತವಾಗಿ ಹೋಗುತ್ತವೆ. ಪಿಪೆಟ್ಟನ್ನು 200ಕ್ಕೆ ಇಟ್ಟು, ಟಿಪ್ ಒಳಗಿಟ್ಟು, ಚಕ್ರವನ್ನು ತಿರುಗಿಸುತ್ತ 20–30 ಮೈಕ್ರೋಲೀಟರ್ ಹಿಂದೆಳೆಯಿರಿ. ಟಿಪ್‌ನಲ್ಲಿ ದ್ರವ ಕಾಣಿಸಿದ ಮೇಲೆ ನಿಲ್ಲಿಸಿ, ಹೆಚ್ಚು ಎಳೆದರೆ ರಂಧ್ರಗಳೇ ಒಣಗುತ್ತವೆ. ಆಮೇಲೆ 800 ಮೈಕ್ರೋಲೀಟರ್ ಪ್ರೈಮಿಂಗ್ ದ್ರಾವಣ, ಐದು ನಿಮಿಷ ಬಿಡುವು, ಸ್ಪಾಟ್‌ಆನ್ ಮುಚ್ಚಳ ತೆರೆದು ಇನ್ನೂ 200, ಕೊನೆಗೆ 75 ಮೈಕ್ರೋಲೀಟರ್ ಲೈಬ್ರರಿ ಹನಿಹನಿಯಾಗಿ. ಲೈಬ್ರರಿಯಲ್ಲಿರುವ ಮಣಿಗಳು ನಿಮಿಷದೊಳಗೆ ತಳ ಸೇರುವುದರಿಂದ ಬೆರೆಸಿದ ಕೂಡಲೇ ಹಾಕಬೇಕು. ಪ್ರೈಮಿಂಗ್ ದ್ರಾವಣಕ್ಕೆ ಬಿಎಸ್‌ಎ ಪ್ರೋಟೀನ್ ಸೇರಿಸಲು ಮರೆಯಬೇಡಿ, ಇಳುವರಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಓಟ 72 ಗಂಟೆಯದು, ರಂಧ್ರವೊಂದು ಸೆಕೆಂಡಿಗೆ ಸುಮಾರು 400 ಬೇಸ್ ಓದುತ್ತದೆ. ಆದರೆ ಒಂದೇ ಲೋಡಿನಲ್ಲಿ ಮೂರು ದಿನ ಓಡಿಸುವುದು ದಂಡ. ಇಪ್ಪತ್ತು, ಇಪ್ಪತ್ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ವಾಶ್ ಕಿಟ್‌ನ ಡಿಎನ್‌ಏಸ್ ದ್ರಾವಣ 400 ಮೈಕ್ರೋಲೀಟರ್ ಬಿಟ್ಟು ಒಂದು ಗಂಟೆ ಕಾದರೆ ರಂಧ್ರಗಳಲ್ಲಿ ಸಿಕ್ಕಿಕೊಂಡ ಎಳೆಗಳು ತುಂಡಾಗಿ ಹೋಗಿ, ಸತ್ತವೆಂದುಕೊಂಡ ರಂಧ್ರಗಳಲ್ಲಿ ಬಹಳಷ್ಟು ಮತ್ತೆ ಎದ್ದು ಕೂರುತ್ತವೆ. ಲೈಬ್ರರಿಯನ್ನು ಮೂರು ಲೋಡಿಗಾಗುವಷ್ಟು ಮೊದಲೇ ಮಾಡಿಟ್ಟುಕೊಳ್ಳಿ. ಮೀನಿನ ಉದ್ದ ಡಿಎನ್‌ಎಯಲ್ಲಿ ಇಳುವರಿ ಹೆಚ್ಚಿಸುವ ಉಪಾಯ ಇದಕ್ಕಿಂತ ದೊಡ್ಡದು ಇಲ್ಲ. ಉಳಿದದ್ದು ಸಣ್ಣಪುಟ್ಟ ಮನೆವಾರ್ತೆ: ಏಸಿ ಕೋಣೆ, ಯುಪಿಎಸ್, ಲ್ಯಾಪ್‌ಟಾಪಿನ ಸ್ಲೀಪ್ ಆಫ್, ವಿಂಡೋಸ್ ತಾನಾಗಿ ಅಪ್‌ಡೇಟ್ ಆಗದಂತೆ ಬೀಗ. ಮಧ್ಯರಾತ್ರಿ ಎರಡಕ್ಕೆ ತಾನೇ ರೀಸ್ಟಾರ್ಟ್ ಆದ ಲ್ಯಾಪ್‌ಟಾಪ್ ಕೊಡುವ ನಷ್ಟ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಬೆಲೆಗಿಂತ ಕಡಿಮೆಯೇನಲ್ಲ.

ಆ ಕಾರ್ಡ್ ಮಾತ್ರ ಬೇಕೇ ಬೇಕು. ಯಂತ್ರ ಕೊಡುವುದು ವಿದ್ಯುತ್ ಪ್ರವಾಹದ ಏರಿಳಿತ, ಅದನ್ನು ಅಕ್ಷರವಾಗಿಸುವುದು ಡೊರಾಡೊ ಎಂಬ ತಂತ್ರಾಂಶ. ಅದರ ಮೂರು ಮಾದರಿಗಳಲ್ಲಿ ಜೀನೋಮ್ ಜೋಡಣೆಗೆ ಬಳಸಬೇಕಾದ್ದು ಅತಿ ನಿಖರವಾದ 'ಸುಪ್', ಅದು ಅತಿ ನಿಧಾನವಾದದ್ದೂ ಹೌದು. ಓಟ ನಡೆಯುವಾಗ ಮಧ್ಯಮ ಮಾದರಿಯಲ್ಲಿ ನೋಡಿಕೊಂಡು, ಕಚ್ಚಾ ಪಾಡ್5 ಫೈಲುಗಳನ್ನು ಉಳಿಸಿಟ್ಟು, ಆಮೇಲೆ ನಿಧಾನವಾಗಿ ಸುಪ್‌ನಲ್ಲಿ ಮರು ಓದಿಸಿ. ಕಚ್ಚಾ ಫೈಲು ಅಳಿಸಬೇಡಿ, ಮುಂದಿನ ವರ್ಷ ಬರುವ ಮಾದರಿ ಅದೇ ಓಟದಿಂದ ಇನ್ನೂ ಒಳ್ಳೆಯ ಓದು ತೆಗೆಯಬಹುದು. 1 ಟೆರಾಬೈಟ್ ಎಸ್‌ಎಸ್‌ಡಿ ಒಂದು ಓಟಕ್ಕೆ ಸರಿಹೋಗುತ್ತದೆ, ಎರಡನೆಯದಕ್ಕಲ್ಲ.

ಜೋಡಣೆಗೆ ಫ್ಲೈ ತಂತ್ರಾಂಶ ಅಥವಾ ಹೈಫೈಅಸ್ಮ್ ತಂತ್ರಾಂಶದ ನ್ಯಾನೋಪೋರ್ ವಿಧಾನ. ನೂರು ಕೋಟಿ ಬೇಸಿನ ಮೀನಿಗೆ 128 ಜಿಬಿ ರ್‍ಯಾಮ್ ಇಲ್ಲದೆ ಕೂರಬೇಡಿ, 256 ಇದ್ದರೆ ನಿದ್ದೆ ಬರುತ್ತದೆ. ಆರ್10.4.1 ಬಂದ ಮೇಲೆ ತಪ್ಪುಗಳು ಬಹಳ ಇಳಿದಿವೆ, ಒಂದು ಜಾಗ ಬಿಟ್ಟು: ಒಂದೇ ಅಕ್ಷರ ಏಳೆಂಟಕ್ಕಿಂತ ಹೆಚ್ಚು ಸಲ ಸಾಲಾಗಿ ಬಂದರೆ ಎಣಿಕೆ ಇನ್ನೂ ತಪ್ಪುತ್ತದೆ. ಜೀನಿನ ನಡುವೆ ಒಂದಕ್ಷರ ತಪ್ಪಿದರೂ ಪ್ರೋಟೀನ್ ಅಲ್ಲಿಂದಾಚೆ ಅಡ್ಡಾದಿಡ್ಡಿ. ಅದೇ ಮೀನಿನ ಚಿಕ್ಕ ರೀಡ್‌ಗಳನ್ನು 30 ಪಟ್ಟು ತರಿಸಿ ತಿದ್ದಿಸುವುದು ಈಗಲೂ ಹಣಕ್ಕೆ ತಕ್ಕ ಕೆಲಸ.

ಮಹಶೀರ್ ವಿಷಯದಲ್ಲಿ ಜನ ಬೀಳುವ ಹಳ್ಳ ಇನ್ನೊಂದಿದೆ. ಜೋಡಣೆ ಎಷ್ಟು ಪೂರ್ಣ ಎಂದು ನೋಡಲು ಬುಸ್ಕೋ ಎಂಬ ತಂತ್ರಾಂಶ ಓಡಿಸುತ್ತಾರೆ, ಎಲುಬುಮೀನುಗಳಲ್ಲಿ ಇರಲೇಬೇಕಾದ ಜೀನ್‌ಗಳ ಅದರ ಒಡಿಬಿ10 ಪಟ್ಟಿಯಲ್ಲಿ 3,640 ಜೀನ್‌ಗಳಿವೆ. ಸಾಮಾನ್ಯ ಮೀನಿನಲ್ಲಿ ಇವು ಒಂದೊಂದೇ ಸಿಗಬೇಕು. ಜೋಡಿಯಾಗಿ ಸಿಕ್ಕರೆ ಜೋಡಣೆಯಲ್ಲಿ ಕಸ ಎಂದರ್ಥ, ಪರ್ಜ್‌ಡುಪ್ಸ್ ಎಂಬ ತಂತ್ರಾಂಶ ಓಡಿಸಿ ತೆಗೆಯುತ್ತಾರೆ. ಅದೇ ಪಾಠ ಮಹಶೀರ್‌ಗೆ ಹಚ್ಚಿದರೆ ನಿಜವಾದ ಅವಳಿ ಜೀನ್‌ಗಳನ್ನೇ ಅಳಿಸಿಹಾಕಿದಂತೆ. ಜೋಡಿ ಹೆಚ್ಚು ಬಂದರೆ ಇಲ್ಲಿ ಅದು ಆರೋಗ್ಯದ ಲಕ್ಷಣ. ಹಾಗಾದರೆ ಕಸ ಯಾವುದು, ಅವಳಿ ಯಾವುದು? ಗಾತ್ರವನ್ನು ಬೇರೆ ದಾರಿಯಿಂದ ಅಳೆದಿಟ್ಟುಕೊಂಡರೆ ತಿಳಿಯುತ್ತದೆ. ರೋಹು ಮೀನಿನದು ಇದಕ್ಕೆ ಒಳ್ಳೆಯ ದೃಷ್ಟಾಂತ. 2023ರಲ್ಲಿ ಪ್ರಕಟವಾದ ಅದರ ಜೀನೋಮ್ 25 ಕ್ರೋಮೋಸೋಮ್‌ಗಳಲ್ಲಿ ಕೂತ ಸುಮಾರು 94.6 ಕೋಟಿ ಬೇಸಿನದು, ಹಿಂದಿದ್ದ ಜೋಡಣೆಯ ಹೆಚ್ಚುಕಡಿಮೆ ಮೂರನೇ ಎರಡು ಪಾಲು. ಯಾವುದು ಸರಿ ಎಂದು ತೀರ್ಮಾನಿಸಿದ್ದು ಕಂಪ್ಯೂಟರ್ ಅಲ್ಲ, ಫ್ಲೋ ಸೈಟೋಮೆಟ್ರಿ: ಕೋಶದಲ್ಲಿ ಎಷ್ಟು ಡಿಎನ್‌ಎ ಇದೆ ಎಂದು ನೇರ ಅಳೆದಾಗ ಹೊಸ ಜೋಡಣೆ ಅದರ 97.9 ಶೇಕಡಾ ಮುಟ್ಟಿತ್ತು. ರಕ್ತ ತೆಗೆದ ದಿನವೇ ಒಂದು ಹನಿಯನ್ನು ಇದಕ್ಕೆ ಎತ್ತಿಟ್ಟರೆ ಮುಂದಿನ ಆರು ತಿಂಗಳ ಜಗಳ ತಪ್ಪುತ್ತದೆ.

ಅದೇ ಅಧ್ಯಯನ ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ಬಾಂಗ್ಲಾದೇಶದ ಜಮುನಾ, ಪದ್ಮಾ, ಹಾಲ್ದಾ ನದಿಗಳ ರೋಹುಗಳ ನಡುವಿನ ವ್ಯತ್ಯಾಸ ತಿಳಿಯಲು 120 ಮೀನುಗಳನ್ನು ಓದಿದರು. ಆಕರ ಜೀನೋಮ್ ಒಂದು, ಹೋಲಿಕೆಗೆ ನೂರಾರು. ಈ ಎರಡನೆಯ ಕೆಲಸಕ್ಕೆ ಮಿನ್‌ಅಯಾನ್ ಕೊಳ್ಳುವವರಿದ್ದರೆ ದಯವಿಟ್ಟು ಬಿಡಿ. ಜಯಂತಿ ರೋಹುವಿನಂಥ ಸುಧಾರಿತ ತಳಿ ಕಾರ್ಯಕ್ರಮಕ್ಕಾಗಲಿ, ಹಾರಂಗಿಯಂಥ ಮಹಶೀರ್ ಮರಿ ಕೇಂದ್ರದ ತಾಯಿ ಮೀನುಗಳನ್ನು ಒಂದೊಂದಾಗಿ ತಪಾಸಣೆ ಮಾಡಲಾಗಲಿ ಬೇಕಾದ್ದು ಪ್ರತಿ ಮೀನಿಗೆ ಕೆಲವೇ ಸಾವಿರ ಗುರುತುಗಳು, ಕಡಿಮೆ ಬೆಲೆಗೆ. ಅದು ಚಿಕ್ಕ ರೀಡ್‌ಗಳ ಕ್ಷೇತ್ರ, ಹೊರಗಿನ ಸೇವೆಗೆ ಕಳಿಸುವುದೇ ಲಾಭ.

ಆಕರ ಜೀನೋಮ್‌ಗೇ ಬಂದರೆ ಪ್ಯಾಕ್‌ಬಯೋದ ಹೈಫೈ ಸೇವೆ ಇದರ ನೇರ ಪೈಪೋಟಿ. 15–20 ಸಾವಿರ ಬೇಸಿನ ರೀಡ್, ಸಾವಿರಕ್ಕೆ ಒಂದಕ್ಕಿಂತ ಕಡಿಮೆ ತಪ್ಪು. ಭೂ ಜೀವಿಗಳ ಜೀನೋಮ್ ಯೋಜನೆಯ (ಅರ್ತ್ ಬಯೋಜೀನೋಮ್ ಪ್ರಾಜೆಕ್ಟ್) ಮಾನದಂಡ, ಅಂದರೆ ಹತ್ತು ಲಕ್ಷ ಬೇಸ್ ದಾಟಿದ ಕಾಂಟಿಗ್ ಎನ್50 (ಜೋಡಣೆಯ ಅರ್ಧ ಭಾಗ ಅಷ್ಟು ಅಥವಾ ಅದಕ್ಕಿಂತ ಉದ್ದದ ಅಖಂಡ ತುಂಡುಗಳಲ್ಲಿರುವುದು), ಕ್ರೋಮೋಸೋಮ್ ಮಟ್ಟದ ಜೋಡಣೆ, ಹತ್ತು ಸಾವಿರಕ್ಕೆ ಒಂದೇ ತಪ್ಪು, ಇಷ್ಟನ್ನು ಒಂದೇ ಏಟಿಗೆ ಮುಟ್ಟಬೇಕೆಂದರೆ ಹೈಫೈ ಜೊತೆ ಹೈ-ಸಿ ಸೇರಿಸುವುದು ಸಲೀಸು ದಾರಿ. ಕೈಯಲ್ಲಿರುವುದು ಒಂದೇ ಮೀನು, ಒಂದೇ ಬಾರಿಯ ಅನುದಾನ, ಸ್ವಂತ ಪ್ರಯೋಗಾಲಯ ಇಲ್ಲ ಎಂಬ ಸ್ಥಿತಿಯಿದ್ದರೆ ನಮ್ಮ ಮತ ಹೈಫೈಗೆ. ವರ್ಷಕ್ಕೆ ಎರಡು ಮೂರು ಪ್ರಭೇದ ಓದುವ ಯೋಜನೆ, ಕೆಲಸ ಕಲಿಯುವ ವಿದ್ಯಾರ್ಥಿಗಳು, ತಾಜಾ ರಕ್ತ ಸಿಗುವ ಮೀನು ಕೇಂದ್ರದ ಸಾಮೀಪ್ಯ ಇದ್ದರೆ ಮಿನ್‌ಅಯಾನ್. 50 ಸಾವಿರ ದಾಟಿದ ರೀಡ್ ಹೈಫೈ ಕೊಡಲಾರದು, ಅವಳಿ ಜೀನ್‌ಗಳ ಉದ್ದ ಪ್ರದೇಶಗಳಲ್ಲಿ ಅದೇ ಕೊನೆಯ ಮಾತು ಹೇಳುವುದು.

ಚಿಕ್ಕ ಕೆಲಸಗಳಲ್ಲೂ ಇದು ಚೆನ್ನಾಗಿ ದುಡಿಯುತ್ತದೆ. ಮೀನಿನ ಮೈಟೋಕಾಂಡ್ರಿಯಾದ ಪೂರ್ತಿ ಜೀನೋಮ್ ಹದಿನಾರೂವರೆ ಸಾವಿರ ಬೇಸಿನ ಆಸುಪಾಸು, ಒಂದೇ ರೀಡಿನಲ್ಲಿ ಇಡಿಯಾಗಿ ಸಿಗಬಹುದು. ನೇಟಿವ್ ಬಾರ್‌ಕೋಡಿಂಗ್ ಕಿಟ್ ಬಳಸಿ 96 ಮೀನುಗಳ ಸಿಒಐ (ಪ್ರಭೇದ ಗುರುತಿಸುವ ಜೀನ್) ತುಣುಕುಗಳನ್ನು ಒಂದೇ ಫ್ಲೋ ಸೆಲ್‌ನಲ್ಲಿ ಓದಬಹುದು. ಇತರ ಓಟಗಳಲ್ಲಿ ಬಳಲಿದ, 200 ರಂಧ್ರ ಉಳಿದ ಹಳೆಯ ಫ್ಲೋ ಸೆಲ್‌ಗಳನ್ನು ತೊಳೆದು ಇದಕ್ಕೇ ಮೀಸಲಿಡಿ.

ಅಭ್ಯಾಸವನ್ನು ಬಿಳಿ ಮೀನಿನ ಮೇಲೆ ಮಾಡಬೇಡಿ ಎಂದು ಬೇರೆ ಹೇಳಬೇಕಿಲ್ಲ. ಮಾರುಕಟ್ಟೆಯ ಐಸ್ ಮೀನೂ ಬೇಡ, ನಮ್ಮ ಸೆಕೆಯಲ್ಲಿ ಅದರ ಡಿಎನ್‌ಎ ಕೆಲವೇ ಗಂಟೆಗಳಲ್ಲಿ ಪುಡಿಯಾಗಿರುತ್ತದೆ. ಕೊರವ ತನ್ನಿ. ಗಾಳಿ ಉಸಿರಾಡುವ ಮೀನಾದ್ದರಿಂದ ತೊಟ್ಟಿಯಲ್ಲಿ ಜೀವಂತವಾಗಿಯೇ ಮಾರುತ್ತಾರೆ, ಮತ್ತು ಆ ಕುಟುಂಬದ ಜೀನೋಮ್ ಚಿಕ್ಕದು. ಚೀನಾದ ಚನ್ನಾ ಆರ್ಗಸ್‌ನದು ಸುಮಾರು 61 ಕೋಟಿ ಬೇಸ್. ಒಂದೆರಡು ಫ್ಲೋ ಸೆಲ್‌ಗಳಲ್ಲೇ ಮುಗಿಯುವ ಮೀನಿನ ಮೇಲೆ ರಕ್ತ ತೆಗೆಯುವುದರಿಂದ ಜೋಡಣೆಯವರೆಗೆ ಕೈ ಪಳಗಲಿ. ಕಡಲ ಕಡೆಯವರಿಗೆ ಬೂತಾಯಿ ಇದೆ. ಅದರ 1.077 ಗಿಗಾಬೇಸಿನ ಜೀನೋಮನ್ನು ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) 2023ರಲ್ಲಿ ಪ್ರಕಟಿಸಿರುವುದರಿಂದ ನಿಮ್ಮ ಓದನ್ನು ಒರೆಗೆ ಹಚ್ಚಿ ನೋಡಬಹುದು. ಒಂದೇ ತೊಂದರೆ, ಬಲೆಯಿಂದ ತೆಗೆದ ನಿಮಿಷಗಳಲ್ಲೇ ಅದು ಸಾಯುತ್ತದೆ. ದೋಣಿಯಲ್ಲೇ ರಕ್ತ ತೆಗೆಯಲು ತಯಾರಿದ್ದರೆ ಮಾತ್ರ.

ಕಾಗದಪತ್ರದ ದೃಷ್ಟಿಯಿಂದಲೂ ಈ ಡಬ್ಬಿಗೆ ಒಂದು ಅನುಕೂಲವಿದೆ. ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಮಾದರಿಗಳನ್ನು ಹೊರದೇಶಕ್ಕೆ ಕಳಿಸಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಇಲ್ಲೇ ಓದಿದರೆ ಆ ದಾರಿ ಹಿಡಿಯಬೇಕಿಲ್ಲ. ಮೀನುಗಾರಿಕೆ ಇಲಾಖೆಯ ಒಪ್ಪಿಗೆ, ಕಾವೇರಿ ವನ್ಯಜೀವಿಧಾಮದ ಒಳಗಾದರೆ ಅರಣ್ಯ ಇಲಾಖೆಯದೂ ಬೇಕು. ಶಿಶಿಲ, ರಾಮನಾಥಪುರದಂಥ ದೇವರ ಮಡುಗಳಲ್ಲಿ ದೇವಸ್ಥಾನದವರ ಮಾತೂ ಮುಖ್ಯ, ಅಲ್ಲಿ ಸೂಜಿ ಹಿಡಿದು ನೀರಿಗಿಳಿಯುವ ಮೊದಲು ಅರ್ಚಕರ ಜೊತೆ ಕೂತು ಮಾತಾಡಿ. ಮುಗಿದ ಮೇಲೆ ಡೇಟಾವನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೂ ಸೇರಿಸಬಹುದು.

ಈ ಅನುಮತಿಗಳು ತಿಂಗಳುಗಟ್ಟಲೆ ಹಿಡಿಯುತ್ತವೆ, ಫ್ಲೋ ಸೆಲ್‌ನ ಖಾತರಿ ಮೂರೇ ತಿಂಗಳದ್ದು. ಹಾಗಾಗಿ ಆರ್ಡರ್ ಮಾಡುವ ಕ್ರಮ ಇದು: ಮೊದಲು ಅರ್ಜಿ, ಆಮೇಲೆ ಕೊರವದ ಮೇಲೆ ಅಭ್ಯಾಸಕ್ಕೆ ಒಂದು ಫ್ಲೋ ಸೆಲ್, ಅನುಮತಿ ಪತ್ರ ಕೈಸೇರಿ ರಕ್ತದ ಟ್ಯೂಬು ಫ್ರೀಜರಿಗೆ ಬಂದು ಡಿಎನ್‌ಎಯ ಅಳತೆ ಸರಿಯಿದೆ ಎಂದು ಕಂಡ ಮೇಲಷ್ಟೇ ಉಳಿದ ಮೂರು ನಾಲ್ಕು.